ಘಟ್ಟದ ದಾರಿಗೆ ಬೈಕಿನಲ್ಲಿ ಯಾವ ಟೂಲ್ಸ್ ಇರಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಮಳೆ ಸ್ವಲ್ಪ ಇಳಿದ ಮೇಲೆ ದಾವಣಗೆರೆಯಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕುದುರೆಮುಖದ ಮೂಲಕ ಕಳಸದವರೆಗೆ ಬೈಕಿನಲ್ಲಿ ಹೋಗಬೇಕೆಂದಿದ್ದೇವೆ. ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಒಬ್ಬ ಗೆಳೆಯನದು ಹೀರೋ ಎಕ್ಸ್‌ಪಲ್ಸ್ 200, ಇನ್ನೊಬ್ಬನದು ಕಾರ್ಬ್ಯುರೇಟರ್ ಇರುವ 2018ರ ಪಲ್ಸರ್ 150, ಟ್ಯೂಬ್‌ಲೆಸ್ ಟೈರು. ಸೀಟಿನ ಕೆಳಗೆ ಕಂಪನಿ ಕೊಟ್ಟ ಕಿಟ್ ಬಿಟ್ಟರೆ ನಮ್ಮಲ್ಲಿ ಏನೂ ಇಲ್ಲ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ 46 ತುಂಡುಗಳ ಸಾಕೆಟ್ ಸೆಟ್ ಒಂದನ್ನು ನೋಡಿಟ್ಟಿದ್ದೇನೆ. ಅದು ಸಾಕೇ, ಇನ್ನೇನು ಕೊಳ್ಳಬೇಕು? ಪಂಚರ್ ಹಾಕುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಉತ್ತರ: ಮೊದಲು ಆ 46 ತುಂಡುಗಳ ಸೆಟ್ಟಿನ ವಿಷಯವನ್ನು ಮುಗಿಸಿಬಿಡೋಣ. ಪೆಟ್ಟಿಗೆ ತೆರೆದು ನೋಡಿದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸ್ಕ್ರೂಡ್ರೈವರ್ ಬಿಟ್‌ಗಳೇ ಇರುತ್ತವೆ. ಸಾಕೆಟ್‌ಗಳು 4 ಮಿ.ಮೀ.ಯಿಂದ ಆರಂಭವಾಗಿ 14 ಮಿ.ಮೀ.ಗೆ ನಿಂತುಬಿಡುತ್ತವೆ. 4 ಅಥವಾ 4.5 ಮಿ.ಮೀ. ನಟ್ಟನ್ನು ನಿಮ್ಮ ಮೂರು ಗಾಡಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ, ಆದರೆ ಚಕ್ರ ಬಿಚ್ಚಲು ಬೇಕಾಗುವ ದೊಡ್ಡ ಅಳತೆಯ ಒಂದು ಸಾಕೆಟ್ಟೂ ಅದರಲ್ಲಿಲ್ಲ. ಇದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಅದರ ರ್ಯಾಚೆಟ್ಟಿನಲ್ಲಿ ಸಾಕೆಟ್ ಸಿಕ್ಕಿಸುವ ಕಾಲಿಂಚಿನ ಚೌಕ ಆಕ್ಸಲ್ (ಚಕ್ರದ ಅಚ್ಚು) ನಟ್ಟಿನ ಬಿಗಿಯನ್ನು ತಾಳುವುದಿಲ್ಲ. ಆದ್ದರಿಂದ ಮನೆಯ ಕೆಲಸಕ್ಕೆಂದು ಬೇಕಿದ್ದರೆ ಆ ಸೆಟ್ ಕೊಳ್ಳಿ, ಆದರೆ ದಾರಿಗೆ ಅದರಿಂದ ರ್ಯಾಚೆಟ್, ಒಂದು ಎಕ್ಸ್‌ಟೆನ್ಷನ್ ಮತ್ತು ನಿಮ್ಮ ಗಾಡಿಗೆ ಕೂಡುವ ನಾಲ್ಕೈದು ಸಾಕೆಟ್‌ಗಳನ್ನು ಮಾತ್ರ ಎತ್ತಿಕೊಂಡು ಉಳಿದುದನ್ನು ಪೆಟ್ಟಿಗೆಯಲ್ಲೇ ಬಿಡಿ. ತುಂಡುಗಳ ಸಂಖ್ಯೆ ನೋಡಿ ಟೂಲ್ಸ್ ಕೊಳ್ಳುವುದು ಅಂಗಡಿಯವರಿಗೆ ಅನುಕೂಲ, ಸವಾರನಿಗಲ್ಲ.

ಯಾವ ಟೂಲ್ಸ್ ಬೇಕೆಂಬುದನ್ನು ನಿಮ್ಮ ಗಾಡಿಯೇ ಹೇಳಬೇಕು. ಹೊರಡುವುದಕ್ಕೆ ಎರಡು ವಾರ ಮೊದಲು, ಒಂದು ಭಾನುವಾರ, ಮೂರು ಬೈಕುಗಳನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿ, ಪಕ್ಕದ ಗ್ಯಾರೇಜಿನಿಂದ ಅಥವಾ ಪರಿಚಯದ ಮೆಕ್ಯಾನಿಕ್ ಹತ್ತಿರ ಪೂರ್ತಿ ಸ್ಪ್ಯಾನರ್ ಸೆಟ್ಟನ್ನು ಎರವಲು ತಂದುಕೊಳ್ಳಿ. ದಾರಿಯಲ್ಲಿ ಮಾಡಬೇಕಾಗಿ ಬರಬಹುದಾದ ಕೆಲಸಗಳನ್ನು ಒಂದೊಂದಾಗಿ ಮಾಡಿ: ಹಿಂದಿನ ಚಕ್ರ ಬಿಚ್ಚುವುದು, ಮುಂದಿನ ಚಕ್ರ ಬಿಚ್ಚುವುದು, ಚೈನ್ ಬಿಗಿ ಮಾಡುವುದು, ಬ್ಯಾಟರಿ ಟರ್ಮಿನಲ್ ಬಿಚ್ಚಿ ಕೂಡಿಸುವುದು, ಕ್ಲಚ್ ಕೇಬಲ್ ಸಡಿಲಿಸುವುದು, ಸ್ಪಾರ್ಕ್ ಪ್ಲಗ್ ತೆಗೆಯುವುದು, ಕನ್ನಡಿ ಮತ್ತು ಲಿವರ್‌ಗಳನ್ನು ತಿರುಗಿಸುವುದು. ಪ್ರತಿ ಕೆಲಸಕ್ಕೂ ಕೈಗೆತ್ತಿಕೊಂಡ ಸ್ಪ್ಯಾನರ್, ಅಲೆನ್ ಕೀಗಳ ಅಳತೆಯನ್ನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಸಂಜೆಯ ಹೊತ್ತಿಗೆ ನಿಮ್ಮ ಕೈಯಲ್ಲಿರುವ ಹಾಳೆಯೇ ನೀವು ಕೊಳ್ಳಬೇಕಾದ ಟೂಲ್ಸ್ ಪಟ್ಟಿ. ಯಾವ ಲೇಖನವೂ, ಈ ಉತ್ತರವೂ ಸೇರಿದಂತೆ, ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ನಿಮಗೆ ಕೊಡಲಾರದು. ಅದೇ ದಿನ ಇನ್ನೊಂದು ಲಾಭವೂ ಇದೆ: ಗಾಳಿಯ ಗನ್ನಿನಿಂದ ವಿಪರೀತ ಬಿಗಿದಿಟ್ಟ ಆಕ್ಸಲ್ ನಟ್ಟು ಯಾವುದಾದರೂ ಇದ್ದರೆ ಅದು ಕುದುರೆಮುಖದ ದಾರಿಯ ಕೆರೆಕಟ್ಟೆಯ ಕಾಡಿನಲ್ಲಿ ತಿಳಿಯುವ ಬದಲು ನಿಮ್ಮ ಅಂಗಳದಲ್ಲೇ ತಿಳಿಯುತ್ತದೆ.

ಅಳತೆಗಳ ಬಗ್ಗೆ ಒಂದೆರಡು ಮಾತು ಮೊದಲೇ ಗೊತ್ತಿದ್ದರೆ ಒಳ್ಳೆಯದು. 6 ಮಿ.ಮೀ. ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10 ಮಿ.ಮೀ. ಇರುತ್ತದೆ. 8 ಮಿ.ಮೀ. ದಪ್ಪದ ಬೋಲ್ಟಿನ ತಲೆ ಜಪಾನೀ ಪದ್ಧತಿಯಲ್ಲಿ 12, ಅಂತರರಾಷ್ಟ್ರೀಯ ಪದ್ಧತಿಯಲ್ಲಿ 13. ಹೋಂಡಾ, ಯಮಹಾ ಪರಂಪರೆಯ ಗಾಡಿಗಳಲ್ಲಿ 8, 10, 12, 14, 17 ಎಂಬ ಸಾಲು ಕಾಣಿಸಿದರೆ ಬೇರೆ ಕಂಪನಿಗಳ ಗಾಡಿಗಳಲ್ಲಿ ನಡುವೆ 13 ಇಣುಕುತ್ತದೆ. ಮೂರು ಕಂಪನಿಗಳ ಮೂರು ಗಾಡಿಗಳು ಒಟ್ಟಿಗೆ ಹೊರಟಿರುವ ನಿಮ್ಮಂಥ ಗುಂಪಿಗೆ ಈ ಒಂದು ಮಿಲಿಮೀಟರಿನ ವ್ಯತ್ಯಾಸ ಮುಖ್ಯ, ಏಕೆಂದರೆ 12ರ ತಲೆಗೆ 13ರ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ. ಇದೇ ಕಾರಣಕ್ಕೆ ಅಡ್ಜಸ್ಟಬಲ್ ಸ್ಪ್ಯಾನರನ್ನು ನಾನು ದಾರಿಯ ಚೀಲಕ್ಕೆ ಶಿಫಾರಸು ಮಾಡುವುದಿಲ್ಲ. ಅದು ಎಲ್ಲ ನಟ್ಟಿಗೂ ಆಗುತ್ತದೆ ಎನ್ನುವುದು ನಿಜ, ಯಾವ ನಟ್ಟಿಗೂ ಸರಿಯಾಗಿ ಕೂರುವುದಿಲ್ಲ ಎನ್ನುವುದೂ ನಿಜ. ಒಂದು ಕಡೆ ರಿಂಗ್, ಇನ್ನೊಂದು ಕಡೆ ತೆರೆದ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರ್‌ಗಳನ್ನು ಬಿಡಿಬಿಡಿಯಾಗಿ ಕೊಳ್ಳಿ. ಟಪಾರಿಯಾದಂಥ ಹೆಸರಾದ ಕಂಪನಿಗಳ ಸ್ಪ್ಯಾನರ್‌ಗಳು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೊಂದಾಗಿ ಸಿಗುತ್ತವೆ. ಅಲೆನ್ ಕೀಗಳ ವಿಷಯದಲ್ಲಂತೂ ಅಗ್ಗದ ಮಾಲಿಗೆ ಹೋಗಲೇಬೇಡಿ. ಮೆದು ಕಬ್ಬಿಣದ 5 ಮಿ.ಮೀ. ಕೀ ಒಮ್ಮೆ ಬೋಲ್ಟಿನ ತೂತಿನೊಳಗೆ ತಿರುಚಿಕೊಂಡರೆ ಆ ಬೋಲ್ಟನ್ನು ತೆಗೆಯಲು ಡ್ರಿಲ್ ಮೆಷಿನ್ನೇ ಬೇಕಾಗುತ್ತದೆ. ಪ್ಲಸ್ ಸ್ಕ್ರೂಗಳ ತಲೆಯ ಮೇಲೆ ಪುಟ್ಟ ಚುಕ್ಕಿ ಕಂಡರೆ ಅದು ಜಪಾನೀ ಮಾದರಿಯ ಸ್ಕ್ರೂ, ಸಾಧಾರಣ ಪ್ಲಸ್ ತಿರುಪುಳಿ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಕೆಡಿಸುತ್ತದೆ. ಅಂಥ ಸ್ಕ್ರೂಗೆ ಸೀಟಿನ ಕೆಳಗಿನ ಕಿಟ್ಟಿನಲ್ಲಿ ಬಂದ ತಿರುಪುಳಿಯೇ ಎಷ್ಟೋ ಸಲ ಹೊಸದಕ್ಕಿಂತ ಚೆನ್ನಾಗಿ ಕೂರುತ್ತದೆ.

ಹಿಂದಿನ ಆಕ್ಸಲ್ ನಟ್ಟಿಗೆ ಬೇಕಾದ ಸ್ಪ್ಯಾನರಿನ ಉದ್ದದ ಬಗ್ಗೆ ಲೆಕ್ಕ ಹಾಕಿ ತೀರ್ಮಾನಿಸಿ. ಈ ವರ್ಗದ ಗಾಡಿಗಳಲ್ಲಿ ಆ ನಟ್ಟಿನ ಬಿಗಿ ಸುಮಾರು 70 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಅಥವಾ ಅದಕ್ಕೂ ಹೆಚ್ಚಿರುತ್ತದೆ. ನಿಖರವಾದ ಅಂಕಿ ನಿಮ್ಮ ಮ್ಯಾನ್ಯುಯಲ್ಲಿನಲ್ಲಿದೆ. 15 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 30 ಕೆ.ಜಿ. ಭಾರದಷ್ಟು ಜೋರು ಹಾಕಿದರೂ ಸಿಗುವುದು 44 ನ್ಯೂಟನ್ ಮೀಟರ್ ಮಾತ್ರ. ಹಿಡಿಯನ್ನು 30 ಸೆಂ.ಮೀ.ಗೆ ಉದ್ದ ಮಾಡಿದರೆ ಅದೇ ಜೋರಿಗೆ 88 ಸಿಗುತ್ತದೆ. ಆದ್ದರಿಂದ ಚಿಕ್ಕ ಸ್ಪ್ಯಾನರ್ ಒಯ್ಯುವುದಾದರೆ ಅದರ ಹಿಡಿಗೆ ತೂರಿಸಲು ಒಂದು ಗಟ್ಟಿ ಕಬ್ಬಿಣದ ಪೈಪ್ ತುಂಡನ್ನೂ ಒಯ್ಯಿರಿ. ಇನ್ನು ನಟ್ಟು ಬಿಚ್ಚುವಾಗ ಎದುರಿನ ಕಡೆ ಆಕ್ಸಲ್ ತಾನೂ ತಿರುಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ, ತಿರುಗುವುದಾದರೆ ಅದನ್ನು ಹಿಡಿಯಲು ಎರಡನೆಯ ಸ್ಪ್ಯಾನರ್ ಬೇಕು. ಒಂದೇ ಸ್ಪ್ಯಾನರ್ ಒಯ್ದು ನಡುದಾರಿಯಲ್ಲಿ ಪರದಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಈಗ ಪಂಚರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದಾರಿಯಲ್ಲಿ ನಿಲ್ಲಿಸುವ ತೊಂದರೆಗಳಲ್ಲಿ ಇದೇ ಮೊದಲನೆಯದು, ಮತ್ತು ನಿಮ್ಮಲ್ಲಿ ಯಾರಿಗೂ ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ, ಕಳಸಗಳಲ್ಲಿ ಪಂಚರ್ ಅಂಗಡಿಗೆ ಕೊರತೆಯಿಲ್ಲ. ತೊಂದರೆ ಇರುವುದು ನಡುವಿನ ಕಾಡಿನ ದಾರಿಯಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ ಅಂಗಡಿಗಳಿಲ್ಲ, ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಬೇಕೆಂದಲ್ಲಿ ನಿಲ್ಲಿಸಿಕೊಂಡು ಕೂರುವಂತೆಯೂ ಇಲ್ಲ. ಅಲ್ಲಿ ಬೇಗ ಮುಗಿಯುವ ದುರಸ್ತಿಯೇ ಒಳ್ಳೆಯ ದುರಸ್ತಿ.

ಪಲ್ಸರಿನದು ಸುಲಭ. ಟ್ಯೂಬ್‌ಲೆಸ್ ಟೈರಿಗೆ ಚಕ್ರ ಬಿಚ್ಚಬೇಕಾಗಿಲ್ಲ. ಮೊಳೆ ಹೊಕ್ಕ ಜಾಗವನ್ನು ಗುರುತಿಸಿಟ್ಟುಕೊಂಡು, ಇಕ್ಕಳದಿಂದ ಮೊಳೆಯನ್ನು ಅದು ಹೊಕ್ಕ ದಿಕ್ಕಿನಲ್ಲೇ ಎಳೆದು, ಅರದಂಥ ಮೈಯುಳ್ಳ ರೀಮರನ್ನು ತೂತಿನೊಳಗೆ ಹಲವು ಸಲ ಆಡಿಸಿ, ಅಂಟಿನ ದಾರವನ್ನು ಸೂಜಿಯಲ್ಲಿ ಪೋಣಿಸಿ ಒಳಗೆ ತಳ್ಳಿ, ಸೂಜಿಯನ್ನು ಒಮ್ಮೆಗೇ ಹಿಂದಕ್ಕೆ ಎಳೆಯಬೇಕು. ಕಿಟ್ ಕೊಳ್ಳುವಾಗ ಹಿಡಿಯನ್ನು ನೋಡಿ. ಪ್ಲಾಸ್ಟಿಕ್ ಹಿಡಿ ತಳ್ಳುವಾಗ ಮುರಿದು ಸೂಜಿ ಅಂಗೈಗೆ ನುಗ್ಗುವ ಅಪಾಯವಿದೆ. ಲೋಹದ ಟಿ ಆಕಾರದ ಹಿಡಿಯದನ್ನೇ ಆರಿಸಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಈ ದಾರಕ್ಕೆ ಕೆಲಸವಿಲ್ಲ.

ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ಎರಡರದೂ ಕಡ್ಡಿ ಚಕ್ರ, ಒಳಗೆ ಟ್ಯೂಬು. ಇಲ್ಲಿ ಚಕ್ರ ಬಿಚ್ಚಿ, ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆಯಬೇಕು. ರಸ್ತೆಯ ಬದಿಯಲ್ಲಿ ಪ್ಯಾಚ್ ಹಾಕುವುದಕ್ಕಿಂತ ಹೊಸ ಟ್ಯೂಬ್ ಹಾಕಿಕೊಂಡು ಹೋಗಿ, ಹಳೆಯದಕ್ಕೆ ಪೇಟೆಯಲ್ಲಿ ಪ್ಯಾಚ್ ಹಾಕಿಸುವುದು ಜಾಣತನ, ಏಕೆಂದರೆ ಮಳೆಯಲ್ಲಿ ಒದ್ದೆಯಾದ ರಬ್ಬರಿಗೆ ಸೊಲ್ಯೂಷನ್ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ಗುಂಪಿಗೆ ಇಲ್ಲಿ ಒಂದು ಅನುಕೂಲವಿದೆ: ಎರಡೂ ಗಾಡಿಗಳ ಮುಂದಿನ ಟೈರಿನ ಅಳತೆ ಒಂದೇ, 90/90-21. ಹಾಗಾಗಿ 21 ಇಂಚಿನ ಒಂದೇ ಟ್ಯೂಬ್ ಇಬ್ಬರಿಗೂ ಸಾಕು. ಹಿಂದಿನವು ಬೇರೆ, ಹಿಮಾಲಯನ್‌ದು 120/90-17, ಎಕ್ಸ್‌ಪಲ್ಸ್‌ದು 120/80-18. ಮೊಳೆ ಹೆಚ್ಚಾಗಿ ಹೊಗುವುದು ಹಿಂದಿನ ಟೈರಿಗೇ. ನೆಲದಲ್ಲಿ ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತದೆ, ಹಿಂದಿನದು ಅದರ ಮೇಲೆ ಹತ್ತುತ್ತದೆ. ಆದ್ದರಿಂದ ತಲಾ ಒಂದು ಹಿಂದಿನ ಟ್ಯೂಬ್, ಜೊತೆಗೆ ಹಂಚಿಕೊಳ್ಳಲು ಮುಂದಿನದೊಂದು, ಒಟ್ಟು ಮೂರು ಟ್ಯೂಬ್ ಇರಲಿ. ಜಾಗ ಸಾಲದಿದ್ದರೆ 21 ಇಂಚಿನ ಟ್ಯೂಬನ್ನೇ ಮಡಿಕೆಯಾಗದಂತೆ 18ರ ಹಿಂದಿನ ಟೈರಿಗೂ ತುರುಕಿ ನಿಧಾನವಾಗಿ ಹತ್ತಿರದ ಊರು ಸೇರುವುದುಂಟು, ಆದರೆ ಅದು ಆಪತ್ತಿನ ಉಪಾಯವೇ ಹೊರತು ಯೋಜನೆಯಲ್ಲ.

ಚಕ್ರ ಬಿಚ್ಚುವ ಕೆಲಸವನ್ನು ಮನೆಯಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡಿ. ಹಿಮಾಲಯನ್‌ಗೆ ಸೆಂಟರ್ ಸ್ಟ್ಯಾಂಡ್ ಇದೆ, ಚಿಂತೆಯಿಲ್ಲ. ಎಕ್ಸ್‌ಪಲ್ಸ್‌ಗೆ ಕಂಪನಿ ಸೆಂಟರ್ ಸ್ಟ್ಯಾಂಡ್ ಕೊಡುವುದಿಲ್ಲವಾದ್ದರಿಂದ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ಇನ್ನಷ್ಟು ವಾಲಿಸಿ, ಎದುರು ಬದಿಯಲ್ಲಿ ಚೌಕಟ್ಟಿನ ಕೆಳಗೆ ಗಟ್ಟಿಯಾದ ಕೋಲನ್ನೋ ಕಲ್ಲನ್ನೋ ಆನಿಸಿ, ಒಬ್ಬರು ಹ್ಯಾಂಡಲ್ ಹಿಡಿದು ನಿಲ್ಲಬೇಕು. ಮುಂದಿನ ಬ್ರೇಕ್ ಲಿವರನ್ನು ರಬ್ಬರ್ ಪಟ್ಟಿಯಿಂದ ಕಟ್ಟಿಟ್ಟರೆ ಗಾಡಿ ಉರುಳುವುದಿಲ್ಲ. ಆಕ್ಸಲ್ ಹೊರಗೆಳೆಯುವ ಮುನ್ನ ಚೈನ್ ಅಡ್ಜಸ್ಟರಿನ ಗೆರೆ ಎರಡೂ ಕಡೆ ಎಷ್ಟರಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಕ್ಸಲ್ ಬಂದಂತೆ ಬೀಳುವ ಬುಷ್, ವಾಷರ್‌ಗಳನ್ನು ಬಿದ್ದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಚಕ್ರ ಹೊರಬಂದ ಕೂಡಲೇ ಡಿಸ್ಕ್ ಬ್ರೇಕಿನ ಎರಡು ಪ್ಯಾಡ್‌ಗಳ ನಡುವೆ ಮಡಚಿದ ರಟ್ಟಿನ ತುಂಡೊಂದನ್ನು ಸಿಕ್ಕಿಸಿಡಿ; ಯಾರಾದರೂ ಅಭ್ಯಾಸಬಲದಿಂದ ಬ್ರೇಕ್ ತುಳಿದರೆ ಪಿಸ್ಟನ್ ಮುಂದೆ ಬಂದು ಡಿಸ್ಕ್ ಮತ್ತೆ ಒಳಗೆ ಹೋಗದಂತಾಗುತ್ತದೆ. ಎಬಿಎಸ್ ಸೆನ್ಸರಿನ ತಂತಿಯ ಮೇಲೆ ಚಕ್ರದ ಭಾರ ಬೀಳದಂತೆ ನೋಡಿಕೊಳ್ಳಿ.

ಟೈರಿನ ಅಂಚು ರಿಮ್ಮಿಗೆ ಅಂಟಿಕೊಂಡಿರುತ್ತದೆ, ಅದನ್ನು ಕಾಲಿನಿಂದ ತುಳಿದು ಬಿಡಿಸಲು ಎಲ್ಲರಿಗೂ ಆಗುವುದಿಲ್ಲ. ಮೂರು ಬೈಕುಗಳಿರುವಾಗ ಇದಕ್ಕೆ ಬೇರೆ ಸಾಧನ ಬೇಡ: ಚಕ್ರವನ್ನು ನೆಲದ ಮೇಲೆ ಮಲಗಿಸಿ, ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡಿನ ಪಾದವನ್ನು ರಿಮ್ಮಿಗೆ ತಾಗದಂತೆ ಟೈರಿನ ಮೇಲಿಟ್ಟು, ಆ ಬೈಕನ್ನು ನಿಧಾನವಾಗಿ ಸ್ಟ್ಯಾಂಡಿನ ಕಡೆ ವಾಲಿಸಿದರೆ ಅಂಚು ತಾನಾಗಿ ಕೆಳಗಿಳಿಯುತ್ತದೆ. ಆಮೇಲೆ ಸೋಪಿನ ನೀರು ಹಚ್ಚಿ, 20ರಿಂದ 25 ಸೆಂ.ಮೀ. ಉದ್ದದ ಟೈರ್ ಲಿವರ್‌ಗಳಿಂದ ಒಂದು ಬದಿಯನ್ನು ಎಬ್ಬಿಸಿ. ಎರಡು ಲಿವರ್ ಸಾಕೆಂದು ಹೇಳುವವರಿದ್ದಾರೆ, ಕಲಿಯುವವರಿಗೆ ಮೂರು ಬೇಕು. ಲಿವರಿನಿಂದ ಎಬ್ಬಿಸುವಾಗ ಅದರ ಎದುರಿನ ಬದಿಯನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿಟ್ಟಿರಬೇಕು. ಈ ಗುಟ್ಟು ಗೊತ್ತಿಲ್ಲದವರು ಲಿವರ್ ಮೇಲೆ ನಿಂತು ಕುಣಿದರೂ ಟೈರು ಬರುವುದಿಲ್ಲ, ಗೊತ್ತಿದ್ದವರಿಗೆ ಹೆಚ್ಚು ಜೋರೇ ಬೇಕಾಗುವುದಿಲ್ಲ. ಹಳೆಯ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಮೈಯನ್ನು ಬರಿಗೈಯಿಂದ ತಡವಬೇಡಿ, ಬಟ್ಟೆ ಸುತ್ತಿಕೊಂಡು ತಡವಿ, ಮೊಳೆಯ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಆ ಮೊಳೆಯನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದರ ಆಯುಷ್ಯ ಒಂದು ಫರ್ಲಾಂಗ್. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟು, ವಾಲ್ವಿನ ಎದುರಿನಿಂದ ಆರಂಭಿಸಿ ವಾಲ್ವಿನ ಹತ್ತಿರ ಮುಗಿಸಿದರೆ ಲಿವರಿಗೆ ಟ್ಯೂಬ್ ಸಿಕ್ಕಿ ಕಚ್ಚಿಹೋಗುವ ಸಂಭವ ಕಡಿಮೆ.

ಗಾಳಿ ತುಂಬುವುದು ಹೇಗೆ ಎಂಬುದನ್ನು ಜನ ಕೊನೆಗೆ ಯೋಚಿಸುತ್ತಾರೆ. 16 ಗ್ರಾಂನ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್‌ಗಳು ನೋಡಲು ಬಹಳ ಚೆಂದ, ಆದರೆ ಒಂದರಲ್ಲಿರುವ ಅನಿಲ ಹೊರಗಿನ ಒತ್ತಡದಲ್ಲಿ ಒಂಬತ್ತು ಲೀಟರಿಗಿಂತ ಕಡಿಮೆ. ಹಿಮಾಲಯನ್‌ನ ಹಿಂದಿನ ಟೈರಿನಲ್ಲಿ ಅದು ಸುಮಾರು 8 ಪಿ.ಎಸ್.ಐ. ಒತ್ತಡ ತರಬಹುದು ಅಷ್ಟೇ. ಒಂದು ಪಂಚರಿಗೆ ನಾಲ್ಕು ಬೇಕಾದೀತು. ಸೈಕಲ್ಲಿನ ಪುಟ್ಟ ಕೈಪಂಪಿನಲ್ಲಿ ಮುನ್ನೂರು ಸಲಕ್ಕೂ ಹೆಚ್ಚು ಒತ್ತಬೇಕು. ಜೊತೆಗೆ ನಮ್ಮ ಹಳೆಯ ಸೈಕಲ್ ಪಂಪಿನ ಬಾಯಿ ಬೈಕಿನ ವಾಲ್ವಿಗೆ ಕೂರುವುದಿಲ್ಲ, ಬೇರೆ ಬಾಯಿ ಬೇಕು. 12 ವೋಲ್ಟಿನ ಪುಟ್ಟ ಎಲೆಕ್ಟ್ರಿಕ್ ಪಂಪೇ ನಿಮಗೆ ಸರಿ. ಅದು ಸುಮಾರು 10 ಆಂಪಿಯರ್ ಎಳೆಯುವುದರಿಂದ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಬ್ಯಾಟರಿಗೆ ನೇರವಾಗಿ, ನಡುವೆ 15 ಆಂಪಿಯರ್ ಫ್ಯೂಸ್ ಇರುವ ತಂತಿಯನ್ನು ಮೊದಲೇ ಕೂಡಿಸಿಟ್ಟುಕೊಂಡು, ಎಂಜಿನ್ ಚಾಲೂ ಇಟ್ಟು ಬಳಸಿ. ಒಳಗೇ ಬ್ಯಾಟರಿ ಇರುವ ಚಾರ್ಜ್ ಪಂಪುಗಳೂ ಈಗ ಧಾರಾಳವಾಗಿ ಸಿಗುತ್ತವೆ, ಒಳ್ಳೆಯವೇ, ಆದರೆ ಆರು ತಿಂಗಳು ಚೀಲದಲ್ಲಿ ಮರೆತು ಬಿಟ್ಟರೆ ಬೇಕಾದ ದಿನ ಸತ್ತಿರುತ್ತವೆ. ಗಾಳಿ ಅಳೆಯುವ ಪೆನ್ನಿನಂಥ ಗೇಜ್ ಒಂದು ಇರಲಿ.

ಕೇಬಲ್‌ಗಳ ವಿಷಯ ಚಿಕ್ಕದು. ನಿಮ್ಮ ಮೂರೂ ಗಾಡಿಗಳ ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲಿನಿಂದಲೇ ನಡೆಯುವಂಥವು. ಹೊಸ ಕ್ಲಚ್ ಕೇಬಲ್ಲನ್ನು ಚೀಲದಲ್ಲಿ ಸುತ್ತಿಡುವ ಬದಲು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು ಕೇಬಲ್ ಟೈಗಳಿಂದ ಕಟ್ಟಿ, ಎರಡೂ ತುದಿಗೆ ಟೇಪ್ ಸುತ್ತಿ ಬಿಡಿ. ಹಳೆಯದು ಕಡಿದ ದಿನ ಟ್ಯಾಂಕ್ ಬಿಚ್ಚದೆ ತುದಿಗಳನ್ನು ಮಾತ್ರ ಬದಲಿಸಿದರೆ ಆಯಿತು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಹ್ಯಾಂಡಲಿಗೆ ಹಿಡಿದಿಡುವ ಬೋಲ್ಟನ್ನು ಕೈಯಿಂದ ಜೋರಾಗಿ ತಳ್ಳಿದರೆ ತಿರುಗುವಷ್ಟು ಬಿಗಿ ಮಾತ್ರ ಇಡಿ, ಗಾಡಿ ಬಿದ್ದಾಗ ಲಿವರ್ ಮುರಿಯದೆ ಸರಿದುಕೊಳ್ಳುತ್ತದೆ. ಆದರೂ ಒಂದು ಕ್ಲಚ್ ಲಿವರ್ ಹೆಚ್ಚಿಗೆ ಇದ್ದರೆ ನಷ್ಟವಿಲ್ಲ.

ಗಾಡಿ ಚಾಲೂ ಆಗದಿದ್ದಾಗ ಟೂಲ್ಸ್ ಚೀಲಕ್ಕೆ ಕೈ ಹಾಕುವ ಮೊದಲು ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಪೆಟ್ರೋಲ್ ನೋಡಿ. ಕೆಸರು ಕಟ್ಟಿದ ಸೈಡ್ ಸ್ಟ್ಯಾಂಡ್ ಸ್ವಿಚ್ಚು ಮಳೆಗಾಲದಲ್ಲಿ ಎಷ್ಟು ಜನರನ್ನು ಸತಾಯಿಸುತ್ತದೆ ಎಂದು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾರೆ; ನೀರು ಹೊಯ್ದು ತೊಳೆದು ನಾಲ್ಕು ಸಲ ಎತ್ತಿ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿ ಬಿದ್ದು ಎದ್ದ ಮೇಲೆ ಚಾಲೂ ಆಗದಿದ್ದರೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ, ವಾಲಿದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಕೆಲಸ ಮಾಡಿರಬಹುದು. ಪಲ್ಸರನ್ನು ಬ್ಯಾಟರಿ ಇಳಿದಿದ್ದರೂ ಬಹುಮಟ್ಟಿಗೆ ಕಿಕ್ ಹೊಡೆದೋ ತಳ್ಳಿಯೋ ಎಬ್ಬಿಸಬಹುದು, ಆದರೆ ನಿಮ್ಮ ಹಿಮಾಲಯನ್‌ಗೆ ಪೆಟ್ರೋಲ್ ಪಂಪ್ ನಡೆಯಲಿಕ್ಕೂ ಬ್ಯಾಟರಿ ಬೇಕು, ಪೂರ್ತಿ ಸತ್ತ ಬ್ಯಾಟರಿಯಿಟ್ಟುಕೊಂಡು ತಳ್ಳಿದರೆ ಬೆವರು ಮಾತ್ರ ಹರಿಯುತ್ತದೆ. ಅದಕ್ಕಾಗಿ ಬ್ಯಾಟರಿ ಟರ್ಮಿನಲ್ಲಿಗೆ ಕೂಡುವ ತಿರುಪುಳಿ ಅಥವಾ ಸ್ಪ್ಯಾನರ್, ಮತ್ತು ಒಂದು ಬೈಕಿನಿಂದ ಇನ್ನೊಂದಕ್ಕೆ ಕರೆಂಟ್ ಕೊಡಲು ಒಂದೂವರೆ ಮೀಟರಿನ ದಪ್ಪ ತಂತಿ ಜೋಡಿ ಇರಲಿ. ಸಾಧ್ಯವಾದರೆ ಅಂಗೈಯಷ್ಟು ಮಲ್ಟಿಮೀಟರ್ ಒಂದು: ನಿಂತ ಗಾಡಿಯ ಚಾರ್ಜ್ ಇರುವ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸಬೇಕು, ಎಂಜಿನ್ ಚಾಲೂ ಇದ್ದಾಗ 13.5ರಿಂದ 14.5ರ ನಡುವೆ. ಚಾಲೂ ಇದ್ದಾಗಲೂ 12ರಲ್ಲೇ ನಿಂತಿದ್ದರೆ ಚಾರ್ಜಿಂಗ್ ಕೆಟ್ಟಿದೆ, ಹಗಲಿರುವಾಗಲೇ ಪೇಟೆ ಸೇರಿಕೊಳ್ಳಿ. ಫ್ಯೂಸ್‌ಗಳನ್ನು ಗಾಡಿಯ ಫ್ಯೂಸ್ ಬಾಕ್ಸ್ ನೋಡಿ ಅದೇ ಆಂಪಿಯರಿನವು ತಲಾ ಎರಡು ಕೊಳ್ಳಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಹಳೆಯ ಚಾಳಿ ಬೇಡ, ಅದರಿಂದ ವೈರಿಂಗೇ ಸುಟ್ಟುಹೋಗುತ್ತದೆ.

ಸ್ಪಾರ್ಕ್ ಪ್ಲಗ್ಗಿನ ಸ್ಪ್ಯಾನರ್ 16, 18, 21 ಎಂದು ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಕಂಪನಿ ಕಿಟ್ಟಿನಲ್ಲಿ ಅದು ಇದ್ದರೆ ಅದನ್ನೇ ಒಯ್ಯಿರಿ. ಪಲ್ಸರಿಗೆ ಎರಡು ಪ್ಲಗ್ ಇರುವುದು ಮರೆಯಬೇಡಿ. ಚೈನಿನ ಮೇಲೆ 428, 520 ಎಂದು ಅಂಕಿ ಕೆತ್ತಿರುತ್ತದೆ. ಮೊದಲ ಅಂಕಿ ಕೊಂಡಿಗಳ ನಡುವಿನ ದೂರವನ್ನು ಇಂಚಿನ ಎಂಟನೆಯ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ, ಆದ್ದರಿಂದ 428ರ ಚೈನ್ ಲಾಕ್ (ಚೈನಿನ ತುದಿಗಳನ್ನು ಕೂಡಿಸುವ ಕೊಂಡಿ) 520ಕ್ಕೆ ಆಗುವುದಿಲ್ಲ. ಪ್ರತಿ ಗಾಡಿಗೂ ಅದರದೇ ಚೈನ್ ಲಾಕ್ ಒಂದು ಬೇಕು, ಮತ್ತು ಲಾಕಿನ ಕ್ಲಿಪ್ಪು ಹಾಕುವಾಗ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಚೈನ್ ಚೆನ್ನಾಗಿದ್ದು ಸವೆದಿಲ್ಲದಿದ್ದರೆ ಚೈನ್ ಕತ್ತರಿಸುವ ಯಂತ್ರ ಒಯ್ಯುವುದು ಈ ದಾರಿಗೆ ಅತಿಯಾಯಿತು.

ನಿಜವಾಗಿ ಗಾಡಿಯನ್ನು ಮನೆಗೆ ತಲುಪಿಸುವುದು ಬಹಳ ಸಲ ಸ್ಪ್ಯಾನರ್‌ಗಳಲ್ಲ, ಹತ್ತಿಪ್ಪತ್ತು ರೂಪಾಯಿಯ ಸಾಮಾನುಗಳು. ಎರಡು ಮೀಟರ್ ಬೈಂಡಿಂಗ್ ವೈರ್, ಚಿಕ್ಕದು ದೊಡ್ಡದು ಸೇರಿ ಇಪ್ಪತ್ತು ಕೇಬಲ್ ಟೈ, ಇನ್ಸುಲೇಷನ್ ಟೇಪ್, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಗಳು, 6 ಮತ್ತು 8 ಮಿ.ಮೀ. ದಪ್ಪದ ನಾಲ್ಕು ನಾಲ್ಕು ನಟ್ಟು ಬೋಲ್ಟು ವಾಷರ್, ಒಂದು ಎಂ-ಸೀಲ್. ಎಂಜಿನ್ನಿನ ತಳ ಕಲ್ಲಿಗೆ ಬಡಿದು ಕೂದಲೆಳೆಯ ಬಿರುಕಿನಿಂದ ಆಯಿಲ್ ಜಿನುಗಿದಾಗ ಎಂ-ಸೀಲ್ ಹಿಡಿಯುತ್ತದೆ, ಆದರೆ ಆ ಜಾಗದ ಜಿಡ್ಡನ್ನು ಪೆಟ್ರೋಲ್ ಬಟ್ಟೆಯಿಂದ ಪೂರ್ತಿ ಒರೆಸಿ, ಗಾಡಿಯನ್ನು ಬಿರುಕು ಮೇಲಾಗುವಂತೆ ವಾಲಿಸಿ, ಗಟ್ಟಿಯಾಗುವವರೆಗೆ ಒಂದೆರಡು ಗಂಟೆ ಕಾಯುವ ತಾಳ್ಮೆ ಇದ್ದರೆ ಮಾತ್ರ. ಪುಟ್ಟದೊಂದು ವೈಸ್ ಗ್ರಿಪ್ ಇಕ್ಕಳವನ್ನು ನಾನು ಯಾವ ಕಿಟ್ಟಿನಿಂದಲೂ ಬಿಡುವುದಿಲ್ಲ: ಗುಂಡಗಾದ ನಟ್ಟನ್ನು ಅದು ಕಚ್ಚಿ ಹಿಡಿಯುತ್ತದೆ, ಗೇರ್ ಲಿವರ್ ಮುರಿದಾಗ ಉಳಿದ ತುಂಡಿಗೆ ಕಚ್ಚಿಸಿದರೆ ಅದೇ ಗೇರ್ ಲಿವರ್ ಆಗುತ್ತದೆ. ತಲೆಗೆ ಕಟ್ಟುವ ಟಾರ್ಚ್, ಒಂದು ಜೊತೆ ಗ್ಲೌಸ್, ನೆಲಕ್ಕೆ ಹಾಸಲು ತೆಳು ಟಾರ್ಪಾಲಿನ ತುಂಡು ಕೂಡ ಟೂಲ್ಸ್ ಎಂದೇ ಲೆಕ್ಕ. ಆಗುಂಬೆಯ ಹುಲ್ಲಿನಲ್ಲಿ ಬಿದ್ದ ವಾಷರ್ ಮತ್ತೆ ಸಿಗುವುದಿಲ್ಲ, ಹುಡುಕುತ್ತ ಕೂತರೆ ಇಂಬಳ (ಜಿಗಣೆ) ಹತ್ತುವುದು ಮಾತ್ರ ಖಂಡಿತ.

ಇಷ್ಟನ್ನು ಮೂರು ಜನ ಹಂಚಿಕೊಳ್ಳಿ. ಸ್ಪ್ಯಾನರ್‌ಗಳ ಒಂದೇ ಸೆಟ್ ಎಲ್ಲರಿಗೂ ಸಾಕು. ಆದರೆ ಆಕ್ಸಲ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಫ್ಯೂಸ್, ಚೈನ್ ಲಾಕ್, ಕೇಬಲ್ ಅವರವರ ಗಾಡಿಯಲ್ಲೇ ಇರಬೇಕು. ಪಂಪ್ ಮತ್ತು ಟೈರ್ ಲಿವರ್ ಕೊನೆಯಲ್ಲಿ ಬರುವ ಸವಾರನ ಬಳಿ ಇದ್ದರೆ ಮುಂದೆ ಹೋದವರನ್ನು ಸಿಗ್ನಲ್ಲಿಲ್ಲದ ಜಾಗದಲ್ಲಿ ಕರೆಯುವ ಕಷ್ಟ ಬರುವುದಿಲ್ಲ. ಬೆನ್ನಿನ ಚೀಲದಲ್ಲಿ ಮಾತ್ರ ಟೂಲ್ಸ್ ಇಡಬೇಡಿ, ಬಿದ್ದಾಗ ಸ್ಪ್ಯಾನರ್ ಬೆನ್ನುಮೂಳೆಗೆ ಬಡಿಯುತ್ತದೆ. ಭಾರ ಆದಷ್ಟು ಕೆಳಗೆ, ಎಂಜಿನ್ನಿನ ಹತ್ತಿರ ಇರಲಿ. ಹಿಮಾಲಯನ್‌ನ ಮುಂದಿನ ಕಂಬಿಗೆ ಕಟ್ಟುವ ಚೀಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಪ್ಯಾನರ್‌ಗಳನ್ನು ದಪ್ಪ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ ಬಿಗಿಯಾಗಿ ಕಟ್ಟಿ. ಟ್ಯೂಬ್‌ಗಳನ್ನು ಅವುಗಳ ಜೊತೆ ಇಡಲೇಬೇಡಿ: ಗಾಡಿಯ ನಡುಕಕ್ಕೆ ಕಬ್ಬಿಣ ಉಜ್ಜಿ ಉಜ್ಜಿ ಹೊಸ ಟ್ಯೂಬು ಚೀಲದೊಳಗೇ ತೂತಾಗುತ್ತದೆ. ಟಾಲ್ಕಂ ಪೌಡರ್ ಸವರಿ ಬಟ್ಟೆಯ ಚೀಲದಲ್ಲಿ ಬೇರೆಯಾಗಿ ಇಡಿ.

ಕೆಲವು ಕೆಲಸಗಳಿಗೆ ಟೂಲ್ಸ್ ಒಯ್ಯದಿರುವುದೇ ಸರಿ. ಬ್ರೇಕ್ ಆಯಿಲ್ ಪೈಪ್, ಎಬಿಎಸ್, ಕ್ಲಚ್ ಪ್ಲೇಟು, ಎಂಜಿನ್ನಿನ ಒಳಗಿನ ಸದ್ದು ಇವು ರಸ್ತೆಯ ಬದಿಯ ಕೆಲಸಗಳಲ್ಲ. ಅಂಥ ಹೊತ್ತಿಗೆ ವಿಮೆಯ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯೇ ಎಂದು ಹೊರಡುವ ಮೊದಲೇ ನೋಡಿಟ್ಟುಕೊಂಡು ಆ ನಂಬರನ್ನು ಕಾಗದದಲ್ಲೂ ಬರೆದಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ, ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಘಟ್ಟದ ತಿರುವಿನಲ್ಲಿ ಗಾಡಿ ನಿಂತರೆ ಟೈರು ಹಾಳಾದರೂ ಸರಿ, ತಿರುವು ದಾಟಿಸಿ ಎರಡೂ ಕಡೆಯಿಂದ ಕಾಣುವ ಜಾಗಕ್ಕೆ ತಳ್ಳಿ ನಿಲ್ಲಿಸಿ, ಆಮೇಲೆ ಚೀಲ ಬಿಚ್ಚಿ.

ಪಂಚರ್ ಸೊಲ್ಯೂಷನ್ನಿನ ಟ್ಯೂಬು ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಣಗುತ್ತದೆ. ದೊಡ್ಡದೊಂದರ ಬದಲು ಚಿಕ್ಕವು ಎರಡು ಕೊಂಡು, ಮೇಲೆ ಕೊಂಡ ತಿಂಗಳನ್ನು ಬರೆದು, ವರ್ಷಕ್ಕೊಮ್ಮೆ ಬದಲಿಸಿ. ತೂತಿಗೆ ಪ್ಯಾಚ್ ಹಾಕುವುದನ್ನು ಕೂಡ ಆ ಭಾನುವಾರವೇ, ನಿಮ್ಮ ಹಳೆಯ ಟ್ಯೂಬೊಂದಕ್ಕೆ ಬೇಕೆಂದೇ ಮೊಳೆ ಚುಚ್ಚಿ, ಮೂವರೂ ಒಮ್ಮೊಮ್ಮೆ ಮಾಡಿ ನೋಡಿ.